ಸೀಸಕ್ಕೆ ನೊರೆ ಬರುವುದಿಲ್ಲ!

(ಬಡಾವಣೆಯ ಯುವಕರ ವಾಚನಾಲಯದಲ್ಲಿ ಮುದ್ರಕರೊಬ್ಬರು ಆಡಿದ ಮಾತುಗಳ ಬರಹರೂಪ. ಅಂದು ಬರಲಾಗದ ಓದುಗರಿಗಾಗಿ ಅವರೇ ತಿದ್ದಿ ಕೊಟ್ಟಿದ್ದಾರೆ.)



ಮೊದಲೇ ಹೇಳಿಬಿಡುತ್ತೇನೆ, ನಾನು ವಿಜ್ಞಾನಿಯಲ್ಲ. ಪಿಯುಸಿಯಲ್ಲಿ ರಸಾಯನಶಾಸ್ತ್ರವನ್ನು ದೇವರ ದಯೆಯಿಂದ ಪಾಸು ಮಾಡಿ, ಅಪ್ಪನ ಪ್ರೆಸ್ಸಿನಲ್ಲಿ ಬಂದು ಕೂತವನು. ಈಗ ವಯಸ್ಸು ನಲವತ್ತಾರು. ಲಗ್ನಪತ್ರಿಕೆ, ಕರಪತ್ರ, ಬಿಲ್ ಪುಸ್ತಕ ಅಚ್ಚು ಹಾಕಿ ಬದುಕುವವನು ವಿಜ್ಞಾನದ ಬಗ್ಗೆ ಏನು ಹೇಳುತ್ತಾನೆ ಎಂದು ನಿಮ್ಮಲ್ಲಿ ಕೆಲವರು ಮುಸಿಮುಸಿ ನಗುತ್ತಿರಬಹುದು. ನಗಿ. ಆದರೆ ನಾನು ಹೇಳಹೊರಟಿರುವ ವಸ್ತುವನ್ನು ನಿಮ್ಮಲ್ಲಿ ಯಾರಿಗಿಂತಲೂ ಹೆಚ್ಚು ಹೊತ್ತು ಬರಿಗೈಯಲ್ಲಿ ಹಿಡಿದವನು ನಾನು. ಅದು ಸೀಸ.

ಈಗಿನ ನಿಮಗೆ ಅಚ್ಚುಮೊಳೆ ಎಂದರೆ ಗೊತ್ತಿರಲಾರದು. ಕಂಪ್ಯೂಟರ್ ಬರುವ ಮುಂಚೆ ಒಂದೊಂದು ಅಕ್ಷರಕ್ಕೂ ಒಂದೊಂದು ಲೋಹದ ಮೊಳೆ ಇತ್ತು. ಸೀಸ, ಆಂಟಿಮನಿ, ತವರ ಈ ಮೂರನ್ನು ಬೆರೆಸಿ ಎರಕ ಹೊಯ್ದದ್ದು. ಅದರಲ್ಲಿ ಬಹುಪಾಲು ಸೀಸವೇ. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರ ಎಂದು ಸಲೀಸಾಗಿ ಮುಗಿಯುತ್ತಿತ್ತು. ನಮ್ಮ ಕನ್ನಡಕ್ಕೆ ಕಾಗುಣಿತ ಬೇಕು, ಒತ್ತು ಬೇಕು, ದೀರ್ಘ ಬೇಕು. ಕೇಸಿನ ಮುಂದೆ ನಿಂತ ಕಂಪೋಸಿಟರ್ ಇಂಗ್ಲಿಷಿನವನಿಗಿಂತ ಎಷ್ಟೋ ಹೆಚ್ಚು ಮನೆಗಳಿಗೆ ಕೈ ಹಾಕಬೇಕಿತ್ತು. ಅಂದರೆ, ಕನ್ನಡ ಜೋಡಿಸುವ ಕೈ ಸೀಸವನ್ನು ಹೆಚ್ಚು ಮುಟ್ಟುತ್ತಿತ್ತು.

ನಮ್ಮ ಪ್ರೆಸ್ಸಿನಲ್ಲಿ ಒಬ್ಬ ಹಿರಿಯ ಕಂಪೋಸಿಟರ್ ಇದ್ದರು. ಹುಡುಗರಾದ ನಾವೆಲ್ಲ ಅವರನ್ನು ಮೇಷ್ಟ್ರೇ ಎಂದೇ ಕರೆಯುತ್ತಿದ್ದೆವು. ತಪ್ಪು ಒತ್ತಕ್ಷರವನ್ನು ಅವರು ತಿರುವುಮುರುವಾಗಿದ್ದರೂ ಓದಿ ಹಿಡಿಯುತ್ತಿದ್ದರು. ನನಗೆ ಅಲ್ಪಪ್ರಾಣ ಮಹಾಪ್ರಾಣ ಕಲಿಸಿದ್ದು ಶಾಲೆಯಲ್ಲ, ಅವರು. ಅವಸರದಲ್ಲಿ ಎರಡು ಮೊಳೆಯನ್ನು ತುಟಿಯಲ್ಲಿ ಕಚ್ಚಿಕೊಂಡು, ಇನ್ನೊಂದನ್ನು ಹುಡುಕುತ್ತಿದ್ದರು. ಕಪ್ಪು ಕೈಯನ್ನು ಚೂರು ಕಾಗದಕ್ಕೆ ಒರೆಸಿ ಬುತ್ತಿ ಬಿಚ್ಚುತ್ತಿದ್ದರು. ಆಗಾಗ ಹೊಟ್ಟೆ ಹಿಂಡಿದಂತೆ ನೋವು, ಮಲಬದ್ಧತೆ, ಬಿಳಿಚಿದ ಮುಖ. ಕೊನೆಕೊನೆಗೆ ಬಲಗೈ ನಡುಗತೊಡಗಿತು.

"ಒಂದೆರಡು ದಿನ ರಜಾ ತಗೊಳ್ಳಿ ಮೇಷ್ಟ್ರೇ" ಎಂದು ಅಪ್ಪ ಹೇಳುತ್ತಿದ್ದರು.

"ಬಿಡಿ ಯಜಮಾನ್ರೇ, ನಾಳೆ ಲಗ್ನಪತ್ರಿಕೆ ಕೊಡಬೇಕಲ್ಲ" ಎಂಬ ಉತ್ತರ.

ಡಾಕ್ಟರ ಹತ್ತಿರ ಹೋದರು. ಹೊಟ್ಟೆಗೆ ಒಂದು ಮಾತ್ರೆ, ರಕ್ತ ಕಡಿಮೆ ಎಂದು ಒಂದು ಟಾನಿಕ್ ಸಿಕ್ಕಿತು. ನೀವು ಏನು ಕೆಲಸ ಮಾಡುತ್ತೀರಿ ಎಂದು ಯಾರೂ ಕೇಳಲಿಲ್ಲ. 1997ರಲ್ಲಿ ಅವರು ತೀರಿಕೊಂಡರು. ಅವರ ರಕ್ತವನ್ನು ಸೀಸಕ್ಕಾಗಿ ಪರೀಕ್ಷೆ ಮಾಡಲೇ ಇಲ್ಲ, ಆದ್ದರಿಂದ ಸೀಸವೇ ಕಾರಣ ಎಂದು ನಾನು ಆಣೆ ಮಾಡಿ ಹೇಳಲಾರೆ. ಆದರೆ ಅವರನ್ನು ಕೇಳಬೇಕಿದ್ದ ಆ ಒಂದು ಪ್ರಶ್ನೆ ಎಷ್ಟು ಹಳೆಯದು ಗೊತ್ತೇ? ಇಟಲಿಯ ವೈದ್ಯ ಬರ್ನಾರ್ಡಿನೋ ರಮಾಜಿನಿ 1700ರಲ್ಲಿ ಕೆಲಸಗಾರರ ಕಾಯಿಲೆಗಳ ಬಗ್ಗೆ ಒಂದು ಪುಸ್ತಕವನ್ನೇ ಬರೆದ. ರೋಗಿ ಬಂದಾಗ ಅವನ ಕಸುಬು ಏನೆಂದು ಕೇಳಿ ಎಂದು ವೈದ್ಯರಿಗೆ ಬುದ್ಧಿ ಹೇಳಿದ. ಸೀಸದ ಮೆರುಗು ಬಳಿಯುವ ಕುಂಬಾರರ ಕೈ ನಡುಗುವುದನ್ನು ಬರೆದಿಟ್ಟ. ಮುನ್ನೂರು ವರ್ಷ ಕಳೆದರೂ ಆ ಪ್ರಶ್ನೆ ನಮ್ಮ ಬೀದಿಯ ದವಾಖಾನೆಗೆ ಬಂದಿರಲಿಲ್ಲ!

ಮುದ್ರಕ ಬರೆದ ಪತ್ರ

ನಮ್ಮ ಕಸುಬಿನವನೇ ಒಬ್ಬ ಇದನ್ನು ಕಂಡುಕೊಂಡಿದ್ದ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್. ನೀವು ಅವನನ್ನು ಮಿಂಚಿಗೆ ಗಾಳಿಪಟ ಹಾರಿಸಿದವನು ಎಂದು ಓದಿರುತ್ತೀರಿ. ಅವನು ಮೂಲತಃ ಮುದ್ರಕ. 1724ರಲ್ಲಿ ಲಂಡನ್ನಿನ ಒಂದು ಅಚ್ಚುಕೂಟದಲ್ಲಿ ಕಂಪೋಸಿಟರ್ ಆಗಿದ್ದಾಗ, ಒದ್ದೆ ಮೊಳೆಗಳ ಕೇಸನ್ನು ಬೆಂಕಿಯ ಮುಂದಿಟ್ಟು ಒಣಗಿಸುವ ರೂಢಿ ಕಂಡ. ಚಳಿಗಾಲದಲ್ಲಿ ಬಿಸಿ ಮೊಳೆ ಕೈಗೆ ಹಿತ. ಅಲ್ಲಿದ್ದ ಒಬ್ಬ ಹಳೆಯ ಕೆಲಸಗಾರ, ಹಾಗೆ ಮಾಡಬೇಡ, ಕೈ ಬಿದ್ದುಹೋಗುತ್ತದೆ ಎಂದು ಎಚ್ಚರಿಸಿದ. ಅದೇ ಅಚ್ಚುಕೂಟದ ಇಬ್ಬರ ಕೈ ಆಗಲೇ ಸೋತು, ಅವರ ಕೂಲಿಯೂ ಇಳಿದುಹೋಗಿತ್ತು. ಫ್ರಾಂಕ್ಲಿನ್‌ಗೂ ಕೈಯ ಮೂಳೆಯೊಳಗೆ ಏನೋ ನೋವು ಕಾಣಿಸಿಕೊಂಡಿತ್ತು. ಅವನು ಆ ರೂಢಿ ಬಿಟ್ಟ.

ಇದನ್ನೆಲ್ಲ ಅವನು ಗೆಳೆಯನಿಗೆ ಪತ್ರದಲ್ಲಿ ಬರೆದದ್ದು 1786ರಲ್ಲಿ. ಆ ಪತ್ರದ ಕೊನೆಯಲ್ಲಿ ಅವನ ಕೊರಗು ಇಷ್ಟು: ಉಪಯೋಗದ ಒಂದು ಸತ್ಯ ಜನಕ್ಕೆ ಗೊತ್ತಿದ್ದರೂ ಅದು ಆಚರಣೆಗೆ ಬರಲು ಎಷ್ಟು ಕಾಲ ಹಿಡಿಯುತ್ತದೆ ನೋಡಿ! ನಾನು ಇವತ್ತು ನಿಮ್ಮ ಮುಂದೆ ನಿಂತಿರುವುದು ಈ ಒಂದು ಮಾತಿಗಾಗಿ. ಸೀಸದ ವಿಷಯದಲ್ಲಿ ವಿಜ್ಞಾನ ಎಂದೂ ತಡ ಮಾಡಲಿಲ್ಲ. ತಡವಾದದ್ದು ಅದು ಜನರ ಕಿವಿಗೆ ಬೀಳುವುದರಲ್ಲಿ. ಕೆಲವು ಸಲ ಅದನ್ನು ದುಡ್ಡು ತಡೆಯಿತು. ಕೆಲವು ಸಲ ಭಾಷೆ ತಡೆಯಿತು.

ಪೆಟ್ರೋಲಿಗೆ ಸೀಸ ಸುರಿದವರು

ದುಡ್ಡು ತಡೆದ ಕಥೆ ಮೊದಲು. 1921ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯಲ್ಲಿ ಥಾಮಸ್ ಮಿಜ್ಲಿ ಎಂಬ ಎಂಜಿನಿಯರ್, ಕಾರಿನ ಎಂಜಿನ್ ಟಕಟಕ ಬಡಿದುಕೊಳ್ಳುವುದನ್ನು ನಿಲ್ಲಿಸಲು ಹತ್ತಾರು ರಾಸಾಯನಿಕಗಳನ್ನು ಪ್ರಯೋಗಿಸಿ ಕೊನೆಗೆ ಟೆಟ್ರಾಈಥೈಲ್ ಲೆಡ್‌ಗೆ ಬಂದ. ಒಂದು ಸೀಸದ ಪರಮಾಣುವಿಗೆ ನಾಲ್ಕು ಈಥೈಲ್ ಗುಂಪು ಅಂಟಿಸಿದ ಎಣ್ಣೆಯಂಥ ದ್ರವ. ಪೆಟ್ರೋಲಿಗೆ ಒಂದಿಷ್ಟೇ ಬೆರೆಸಿದರೂ ಎಂಜಿನ್ ಮೆತ್ತಗೆ ಓಡುತ್ತಿತ್ತು. ಮದ್ಯಸಾರ ಬೆರೆಸಿದರೂ ಆ ಕೆಲಸ ಆಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಆದರೆ ಮದ್ಯಸಾರವನ್ನು ಯಾರು ಬೇಕಾದರೂ ಕಾಯಿಸಬಹುದು, ಅದಕ್ಕೆ ಪೇಟೆಂಟ್ ಎಲ್ಲಿ ಸಿಗುತ್ತದೆ?

ಮಾರುಕಟ್ಟೆಗೆ ಬಿಡುವಾಗ ಹೆಸರಿನಲ್ಲಿ 'ಲೆಡ್' ಎಂಬ ಪದವನ್ನೇ ಕತ್ತರಿಸಿ 'ಈಥೈಲ್' ಎಂದಷ್ಟೇ ಇಟ್ಟರು. ಅಚ್ಚಿನವನಾದ ನನಗೆ ಈ ಚಾಲಾಕಿ ಚೆನ್ನಾಗಿ ಅರ್ಥವಾಗುತ್ತದೆ. ಲೇಬಲ್ಲಿನಿಂದ ಒಂದು ಪದ ತೆಗೆದರೆ ಸಾಕು, ವಿಷ ಸೀಸೆಯೊಳಗೆ ಆರಾಮಾಗಿ ಕೂರುತ್ತದೆ.

1924ರ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯ ಬೇವೇ ಎಂಬಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಘಟಕದಲ್ಲಿ ಇದನ್ನು ತಯಾರಿಸುತ್ತಿದ್ದ ಐವರು ಕೆಲಸಗಾರರು ಬುದ್ಧಿ ಕೆಟ್ಟು, ಕಿರುಚಾಡಿ, ಸತ್ತರು. ಇನ್ನೂ ಹಲವರು ಆಸ್ಪತ್ರೆ ಸೇರಿದರು. ಆ ಕಟ್ಟಡಕ್ಕೆ ಕೆಲಸಗಾರರು ಹುಚ್ಚು ಅನಿಲದ ಮನೆ ಎಂದು ಮುಂಚೆಯೇ ಹೆಸರಿಟ್ಟಿದ್ದರು. ಗುಲ್ಲಾಯಿತು. ಆಗ ಮಿಜ್ಲಿ ಮಾಡಿದ್ದೇನು? ಪತ್ರಕರ್ತರನ್ನು ಕರೆದು, ಅವರ ಎದುರಿಗೇ ಆ ದ್ರವದಲ್ಲಿ ಕೈ ತೊಳೆದು, ಒಂದು ನಿಮಿಷ ಮೂಸಿ ತೋರಿಸಿದ. ಏನೂ ಆಗುವುದಿಲ್ಲ ಎಂದ. ಹಿಂದಿನ ವರ್ಷವಷ್ಟೇ ಸೀಸದ ವಿಷವೇರಿ ತಾನೇ ರಜೆ ಹಾಕಿ ಸುಧಾರಿಸಿಕೊಂಡು ಬಂದಿದ್ದನ್ನು ಮಾತ್ರ ಹೇಳಲಿಲ್ಲ!

ಅಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ ಆಗಲೇ ಬೇಡ ಎಂದು ಬಾಯಿಬಿಟ್ಟು ಹೇಳಿದರು. ಯಾರು ಕೇಳುತ್ತಾರೆ? ಸೀಸದ ಪೆಟ್ರೋಲು ಜಗತ್ತನ್ನೆಲ್ಲ ಸುತ್ತಿತು. ಕಂಪನಿಗಳ ಹಣದಿಂದ ಸಂಶೋಧನೆ ನಡೆಸುತ್ತಿದ್ದ ರಾಬರ್ಟ್ ಕೀಹೋ ಎಂಬಾತ ದಶಕಗಳ ಕಾಲ ಒಂದೇ ವಾದ ಹೂಡಿದ. ಸೀಸ ಎಲ್ಲರ ದೇಹದಲ್ಲೂ ಇದೆ, ಆದ್ದರಿಂದ ಅದು ಸಹಜ ಎಂದ.

ಭೂಮಿಯ ವಯಸ್ಸು ಹುಡುಕಲು ಹೋಗಿ

ಈ ವಾದವನ್ನು ಮುರಿದವನು ವೈದ್ಯನಲ್ಲ, ಕಲ್ಲಿನ ರಸಾಯನ ಓದಿದ ಒಬ್ಬ ವಿಜ್ಞಾನಿ. ಹೆಸರು ಕ್ಲೇರ್ ಪ್ಯಾಟರ್ಸನ್. ಯುರೇನಿಯಂ ನಿಧಾನವಾಗಿ ಕರಗುತ್ತಾ ಸೀಸವಾಗುತ್ತದೆ. ಒಂದು ಕಲ್ಲಿನಲ್ಲಿ ಯಾವ ಬಗೆಯ ಸೀಸ ಎಷ್ಟಿದೆ ಎಂದು ಅಳೆದರೆ ಆ ಕಲ್ಲಿನ ವಯಸ್ಸು ಹೇಳಬಹುದು. ಪ್ಯಾಟರ್ಸನ್ ಉಲ್ಕಾಶಿಲೆಯ ಸೀಸ ಅಳೆದು ಭೂಮಿಗೆ 455 ಕೋಟಿ ವರ್ಷ ಎಂದು 1956ರಲ್ಲಿ ಪ್ರಕಟಿಸಿದ. ಇಂದಿಗೂ ಪಠ್ಯಪುಸ್ತಕದಲ್ಲಿ ಹೆಚ್ಚುಕಡಿಮೆ ಅದೇ ಅಂಕಿ.

ಆದರೆ ಆ ಅಳತೆಗೆ ಕೂತಾಗ ಅವನಿಗೆ ವಿಚಿತ್ರ ತೊಂದರೆ. ಕಲ್ಲಿನಲ್ಲಿ ಇರಬೇಕಾದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಸೀಸ ಬರುತ್ತಿತ್ತು. ಎಲ್ಲಿಂದ? ಗಾಳಿಯಿಂದ, ಬಟ್ಟೆಯಿಂದ, ಕೂದಲಿನಿಂದ, ಗಾಜಿನ ಪಾತ್ರೆಯಿಂದ! ಅವನು ವರ್ಷಗಟ್ಟಲೆ ಕೋಣೆಯನ್ನು ಉಜ್ಜಿ ತೊಳೆದು, ದೂಳು ನುಗ್ಗದ ಪ್ರಯೋಗಾಲಯವನ್ನೇ ಕಟ್ಟಿದ. ಆಮೇಲೆ ಸಮುದ್ರದ ನೀರು ಅಳೆದ, ಮೇಲಿನ ನೀರಿನಲ್ಲಿ ಆಳದ ನೀರಿಗಿಂತ ಹೆಚ್ಚು ಸೀಸ. ಗ್ರೀನ್‌ಲ್ಯಾಂಡಿನ ಹಿಮ ಕೊರೆದು ಅಳೆದ, ಹಳೆಯ ಹಿಮಕ್ಕಿಂತ ಹೊಸ ಹಿಮದಲ್ಲಿ ನೂರಾರು ಪಟ್ಟು ಸೀಸ. ಪೆರು ದೇಶದ ಪ್ರಾಚೀನರ ಮೂಳೆಗೆ ಹೋಲಿಸಿದರೆ ಇಂದಿನವರ ಮೂಳೆಯಲ್ಲೂ ಅದೇ ಕಥೆ. ಎಲ್ಲರಲ್ಲೂ ಇದೆ ಎಂದ ಮಾತ್ರಕ್ಕೆ ಸಹಜ ಹೇಗಾಯಿತು, ಎಲ್ಲರಿಗೂ ವಿಷ ಹಾಕಿದ್ದೀರಿ ಎಂದಷ್ಟೇ ಅರ್ಥ ಎಂಬುದು 1965ರ ಅವನ ಪ್ರಬಂಧದ ತಿರುಳು. ಪರಿಣಾಮ? ಅನುದಾನ ನಿಂತವು. 1971ರಲ್ಲಿ ಗಾಳಿಯಲ್ಲಿನ ಸೀಸದ ಬಗ್ಗೆ ಅಮೆರಿಕದ ರಾಷ್ಟ್ರೀಯ ಸಮಿತಿ ಮಾಡಿದಾಗ ಅವನನ್ನೇ ಹೊರಗಿಟ್ಟರು. ಅವನು ಬಿಡಲಿಲ್ಲ.

ಕೊನೆಗೆ ಗೆದ್ದದ್ದು ಅಳತೆ. ಅಮೆರಿಕದಲ್ಲಿ ಪೆಟ್ರೋಲಿನ ಸೀಸ ಇಳಿಸುತ್ತಾ ಬಂದಂತೆ ಜನರ ರಕ್ತದ ಸೀಸವೂ ಇಳಿಯಿತು. 1976-80ರಲ್ಲಿ ಸರಾಸರಿ 12.8 ಮೈಕ್ರೋಗ್ರಾಂ ಇದ್ದದ್ದು 1988-91ರ ಹೊತ್ತಿಗೆ 2.8ಕ್ಕೆ ಬಂತು. ನಮ್ಮ ದೇಶದಲ್ಲಿ ಸೀಸದ ಪೆಟ್ರೋಲು ಪೂರ್ತಿ ನಿಂತದ್ದು 2000ದ ಫೆಬ್ರವರಿಯಲ್ಲಿ. ಜಗತ್ತಿನ ಕೊನೆಯ ಬಂಕಿನಲ್ಲಿ ಅದು ಮುಗಿದದ್ದು ಅಲ್ಜೀರಿಯಾದಲ್ಲಿ, 2021ರಲ್ಲಿ. ಮಿಜ್ಲಿ ಕೈ ತೊಳೆದು ತೋರಿಸಿದ 97 ವರ್ಷಕ್ಕೆ!

ರಕ್ತದೊಳಗಿನ ಅಚ್ಚುಕೂಟ

ಈ ಮೈಕ್ರೋಗ್ರಾಂ ಎಂದರೇನು? ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಪಾಲು. ವೈದ್ಯರು 100 ಮಿಲಿಲೀಟರ್ ರಕ್ತದಲ್ಲಿ ಎಷ್ಟು ಮೈಕ್ರೋಗ್ರಾಂ ಸೀಸ ಇದೆ ಎಂದು ಲೆಕ್ಕ ಹಾಕುತ್ತಾರೆ. ದೊಡ್ಡವರ ದೇಹದಲ್ಲಿ ಸುಮಾರು ಐದು ಲೀಟರ್ ರಕ್ತ. 10 ಎಂಬ ಅಳತೆ ಬರಲು ಇಡೀ ರಕ್ತದಲ್ಲಿ ಅರ್ಧ ಮಿಲಿಗ್ರಾಂ ಸೀಸ ಇದ್ದರೆ ಸಾಕು. ಒಂದು ಗ್ರಾಂ ಸೀಸವನ್ನು ಹಂಚಿದರೆ 2,000 ಜನರ ರಕ್ತ ಆ ಮಟ್ಟಕ್ಕೆ ಏರುತ್ತದೆ. ಇದು ಕಾಗದದ ಮೇಲಿನ ಲೆಕ್ಕ, ನಿಜ. ಆದರೆ ನಮ್ಮ ಪ್ರೆಸ್ಸಿನಲ್ಲಿ ಇಂಥ ಸೀಸ ಕ್ವಿಂಟಾಲುಗಟ್ಟಲೆ ಇತ್ತು.

ಸೀಸ ರಕ್ತದಲ್ಲಿ ಏನು ಮಾಡುತ್ತದೆ? ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ರಕ್ತ ಕೆಂಪಾಗಿರುವುದು ಹೀಮೋಗ್ಲೋಬಿನ್ನಿನಿಂದ. ಅದರ ನಡುವೆ ಕಬ್ಬಿಣ ಹಿಡಿದ ಒಂದು ತುಣುಕಿದೆ, ಅದಕ್ಕೆ ಹೀಮ್ ಎನ್ನುತ್ತಾರೆ. ನಮ್ಮ ಮೂಳೆಮಜ್ಜೆಯ ಜೀವಕೋಶಗಳಲ್ಲಿ ಆ ಹೀಮ್ ತಯಾರಾಗುವುದು ಎಂಟು ಹಂತಗಳಲ್ಲಿ. ಎಂಟು ಮೇಜುಗಳಿರುವ ಒಂದು ಅಚ್ಚುಕೂಟ ಎಂದುಕೊಳ್ಳಿ. ಒಂದೊಂದು ಮೇಜಿಗೂ ಒಬ್ಬೊಬ್ಬ ಕೆಲಸಗಾರ, ಅವನೇ ಕಿಣ್ವ. ಸೀಸ ಬಂದು ಎರಡನೆಯ ಮೇಜಿನವನ ಕೈ ಹಿಡಿಯುತ್ತದೆ. ಅವನು ಕೆಲಸ ಮಾಡಲು ಒಂದು ಸತುವಿನ ಪರಮಾಣು ಬೇಕು, ಆ ಜಾಗದಲ್ಲಿ ಸೀಸ ಕೂತುಬಿಡುತ್ತದೆ. ಮುಗಿಯದ ಕೆಲಸ ಅಲ್ಲೇ ರಾಶಿ ಬಿದ್ದು ಮೂತ್ರದಲ್ಲಿ ಹೊರಬರುತ್ತದೆ. ಮತ್ತೆ ಎಂಟನೆಯ ಮೇಜಿನಲ್ಲಿ ಕಬ್ಬಿಣ ಜೋಡಿಸುವವನಿಗೂ ಅಡ್ಡಿ. ಅಲ್ಲಿ ಕಬ್ಬಿಣ ಇರಬೇಕಾದ ಕಡೆ ಸತು ಸೇರಿಕೊಳ್ಳುತ್ತದೆ. ತಪ್ಪು ಮೊಳೆ ಹಾಕಿ ಅಚ್ಚು ಮಾಡಿದಂತೆ! ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಹೆಚ್ಚು ವಿಷವೇರಿದವರ ಕೆಂಪು ಕಣಗಳಲ್ಲಿ ನೀಲಿ ಚುಕ್ಕೆಗಳು ಕಾಣುತ್ತವೆ. ಮೇಷ್ಟ್ರ ಬಿಳಿಚಿದ ಮುಖ ನೆನಪಾದಾಗಲೆಲ್ಲ ನನಗೆ ಈ ಎರಡನೆಯ ಮೇಜು ನೆನಪಾಗುತ್ತದೆ.

ಇಲ್ಲೊಂದು ಮಾತು ಗಮನಿಸಿ. ಕಬ್ಬಿಣದ ಅಂಶ ಕಡಿಮೆ ಇರುವ ಮಗುವಿನ ಕರುಳು ಸೀಸವನ್ನು ಹೆಚ್ಚಾಗಿ ಹೀರುತ್ತದೆ. ಮೊದಲೇ ಮಕ್ಕಳು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೀರುತ್ತವೆ. ನಮ್ಮ ದೇಶದಲ್ಲಿ ಐದು ವರ್ಷದೊಳಗಿನ ಮೂರು ಮಕ್ಕಳಲ್ಲಿ ಎರಡಕ್ಕೆ ರಕ್ತಹೀನತೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಕಾರಣ ಬಹುಪಾಲು ಊಟದಲ್ಲಿದೆ, ಎಲ್ಲಕ್ಕೂ ಸೀಸವನ್ನು ದೂರುತ್ತಿಲ್ಲ. ಆದರೆ ಹಸಿದ ಮಗು ಸೀಸದ ಪಕ್ಕದಲ್ಲಿ ಬೆಳೆದರೆ ಅದಕ್ಕೆ ಎರಡು ಏಟು. ಒಂದು ರಕ್ತಕ್ಕೆ, ಇನ್ನೊಂದು ಮಿದುಳಿಗೆ.

ಮಿದುಳಿನ ಏಟನ್ನು ತೋರಿಸಿದವನು ಹರ್ಬರ್ಟ್ ನೀಡಲ್‌ಮನ್ ಎಂಬ ಮಕ್ಕಳ ವೈದ್ಯ. ಬಿದ್ದ ಹಾಲುಹಲ್ಲುಗಳನ್ನು ಶಾಲೆಯ ಮಕ್ಕಳಿಂದ ಸಂಗ್ರಹಿಸಿ ಅದರಲ್ಲಿನ ಸೀಸ ಅಳೆದ. ಹಲ್ಲಿನಲ್ಲಿ ಹೆಚ್ಚು ಸೀಸ ಇದ್ದ ಮಕ್ಕಳು ಬುದ್ಧಿಮತ್ತೆಯ ಪರೀಕ್ಷೆಯಲ್ಲೂ, ತರಗತಿಯ ಗಮನದಲ್ಲೂ ಹಿಂದೆ ಎಂದು 1979ರಲ್ಲಿ ಬರೆದ. ಆ ಮಕ್ಕಳಿಗೆ ಹೊಟ್ಟೆನೋವಿಲ್ಲ, ಕೈ ನಡುಕವಿಲ್ಲ. ನೋಡಿದರೆ ಚೆನ್ನಾಗಿಯೇ ಇದ್ದವು. ಇವನ ಮೇಲೂ ಸುಳ್ಳು ಸಂಶೋಧನೆಯ ಆರೋಪ ಹೊರಿಸಿದರು, ವಿಚಾರಣೆಯಾಗಿ ನಿರ್ದೋಷಿಯೆಂದು ಹೊರಬಂದ. ಅಮೆರಿಕದಲ್ಲಿ ಮಗುವಿನ ರಕ್ತದಲ್ಲಿ 40 ದಾಟಿದರೆ ಮಾತ್ರ ಚಿಂತೆ ಎಂದು 1971ರಲ್ಲಿ ಇದ್ದದ್ದು 1985ರಲ್ಲಿ 25 ಆಯಿತು, 1991ರಲ್ಲಿ 10, 2012ರಲ್ಲಿ 5, 2021ರಲ್ಲಿ 3.5. ಸುರಕ್ಷಿತ ಎನ್ನಬಹುದಾದ ಯಾವ ಮಟ್ಟವೂ ಗೊತ್ತಿಲ್ಲ ಎಂಬುದೇ ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಮಾತು.

ಔಷಧ ಇಲ್ಲವೇ? ಇದೆ. ಎರಡನೇ ಮಹಾಯುದ್ಧದಲ್ಲಿ ಆರ್ಸೆನಿಕ್ ಬೆರೆತ ವಿಷಾನಿಲಕ್ಕೆ ಮದ್ದಾಗಿ ಆಕ್ಸ್‌ಫರ್ಡಿನಲ್ಲಿ ಒಂದು ರಾಸಾಯನಿಕ ಕಂಡುಹಿಡಿದರು. ಏಡಿ ಕೊಂಡಿಯಲ್ಲಿ ಕಚ್ಚಿದಂತೆ ಅದು ಲೋಹವನ್ನು ಹಿಡಿದು ಮೂತ್ರದ ದಾರಿಯಲ್ಲಿ ಹೊರಹಾಕುತ್ತದೆ. ಅದೇ ಜಾತಿಯ ಔಷಧಗಳು ಸೀಸಕ್ಕೂ ಬಂದವು, ತೀವ್ರ ವಿಷವೇರಿದವರ ಜೀವ ಉಳಿಸಿವೆ. ಆದರೆ 2001ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗ ನೋಡಿ. ಮಧ್ಯಮ ಮಟ್ಟದ ಸೀಸವಿದ್ದ ಮಕ್ಕಳಿಗೆ ಇಂಥ ಔಷಧ ಕೊಟ್ಟರು. ರಕ್ತದ ಸೀಸ ಇಳಿಯಿತು, ಬುದ್ಧಿಮತ್ತೆ ಮಾತ್ರ ಮರಳಲಿಲ್ಲ. ಮೂಳೆಗೆ ಇಳಿದ ಸೀಸವಂತೂ ದಶಕಗಟ್ಟಲೆ ಅಲ್ಲೇ ಇರುತ್ತದೆ, ತಾಯಿ ಬಸುರಾದಾಗ ಕರಗಿ ಹೊಟ್ಟೆಯ ಕೂಸಿಗೂ ದಾಟುತ್ತದೆ. ಆದ್ದರಿಂದ ಇದಕ್ಕೆ ಒಂದೇ ಮದ್ದು, ಒಳಗೆ ಬರದಂತೆ ತಡೆಯುವುದು.

ಕೆರೆಯ ಕೆಸರು ಇಟ್ಟುಕೊಂಡ ಲೆಕ್ಕ

ಇನ್ನು ನೀರಿಗೆ ಬರೋಣ. ಇಂಗ್ಲೆಂಡಿನ ಥೇಮ್ಸ್ ನದಿಯಲ್ಲಿ ಹಂಸಗಳು ಸಾಯತೊಡಗಿದವು. ಉದ್ದ ಕತ್ತು ಬುಡದಲ್ಲೇ ಮಡಿಚಿ ಬೆನ್ನ ಮೇಲೆ ಬೀಳುತ್ತಿತ್ತು. ಹೊಟ್ಟೆ ತುಂಬ ಮೇವಿದ್ದರೂ ಅದನ್ನು ಅರೆಯಲಾಗದೆ ಹಸಿವಿನಿಂದಲೇ ಸಾಯುತ್ತಿದ್ದವು. ಕೊಯ್ದು ನೋಡಿದರೆ ಒಳಗೆ ಮೀನುಗಾಳಕ್ಕೆ ಕಟ್ಟುವ ಪುಟ್ಟ ಸೀಸದ ಗುಂಡು! ಹಂಸಕ್ಕೆ ಹಲ್ಲಿಲ್ಲ, ಮೇವು ಅರೆಯಲು ಮರಳಿನ ಹರಳು ನುಂಗುತ್ತದೆ. ಹರಳೆಂದು ಸೀಸ ನುಂಗಿತ್ತು. ಇಂಗ್ಲೆಂಡಿನಲ್ಲಿ ವರ್ಷಕ್ಕೆ ಸಾವಿರಾರು ಹಂಸ ಹೀಗೆ ಸಾಯುತ್ತಿರಬಹುದು ಎಂದು 1981ರ ಸರ್ಕಾರಿ ವರದಿ ಅಂದಾಜು ಮಾಡಿತು. ಆಕ್ಸ್‌ಫರ್ಡಿನ ಪಕ್ಷಿತಜ್ಞರು ಹಂಸಗಳ ರಕ್ತ ತೆಗೆದು ಸೀಸ ಅಳೆದರು. 1987ರಲ್ಲಿ ಆ ಸಣ್ಣ ಗುಂಡುಗಳ ಮಾರಾಟ ನಿಷೇಧವಾಯಿತು. ಹಂಸಗಳು ಮತ್ತೆ ಹೆಚ್ಚಿದವು. ನಮ್ಮ ಒಂದು ಒತ್ತಕ್ಷರದ ಮೊಳೆಯಷ್ಟೇ ಗಾತ್ರದ ವಸ್ತು ಅದು.

ಸಿಹಿನೀರಿನಲ್ಲಿ ಸೀಸದ ನಡವಳಿಕೆ ಬೇರೆಯೇ. ಹೆಚ್ಚು ಪಾಲು ಮಣ್ಣಿನ ಕಣಕ್ಕೆ ಅಂಟಿ ತಳಕ್ಕೆ ಇಳಿಯುತ್ತದೆ. ನೀರು ಮೆದುವಾಗಿ, ಹುಳಿಯಾಗಿದ್ದರೆ ಹೆಚ್ಚು ಕರಗುತ್ತದೆ. ಗಡಸು ನೀರಿನಲ್ಲಿ ಕಡಿಮೆ. ತಳದ ಕೆಸರು ತಿನ್ನುವ ಹುಳ, ಬಸವನಹುಳು, ಕಪ್ಪೆಚಿಪ್ಪುಗಳಿಗೆ ಮೊದಲ ಏಟು. ಮೀನಿನ ರಕ್ತದಲ್ಲೂ ಅದೇ ಎರಡನೆಯ ಮೇಜಿನವನ ಕೈ ಕಟ್ಟಿಹೋಗುತ್ತದೆ, ಮನುಷ್ಯನಲ್ಲಿ ಆದಂತೆಯೇ. ಕೆಸರು ಮಾತ್ರ ಏನನ್ನೂ ಮರೆಯುವುದಿಲ್ಲ. ಸ್ವೀಡನ್ನಿನ ಕೆರೆಗಳ ತಳ ಕೊರೆದ ವಿಜ್ಞಾನಿಗಳಿಗೆ ಎರಡು ಸಾವಿರ ವರ್ಷ ಹಿಂದಿನ, ರೋಮನ್ನರ ಕಾಲದ ಸೀಸದ ಪದರ ಸಿಕ್ಕಿತು. ಎಲ್ಲೋ ದೂರದ ಕುಲುಮೆಯ ಹೊಗೆ ಗಾಳಿಯಲ್ಲಿ ಬಂದು ಅಲ್ಲಿ ಕೂತಿತ್ತು. 1994ರಲ್ಲಿ ಇದನ್ನು ಪ್ರಕಟಿಸಿದರು.

ಹಾಗಾದರೆ ನಮ್ಮ ಬೆಂಗಳೂರಿನ ಕೆರೆಗಳ ತಳದಲ್ಲಿ ಯಾರ ಲೆಕ್ಕ ಕೂತಿದೆ? ಸ್ವಲ್ಪ ನನ್ನದೂ ಇದೆ. ಅದನ್ನು ಒಪ್ಪಿಕೊಳ್ಳದೆ ನಾನು ವೇದಿಕೆ ಇಳಿಯುವಂತಿಲ್ಲ. ದಿನವೂ ಮೊಳೆಗಳನ್ನು ಸೀಮೆಎಣ್ಣೆಯಲ್ಲಿ ಉಜ್ಜಿ ತೊಳೆದು, ಆ ಕಪ್ಪು ನೀರನ್ನು ಚರಂಡಿಗೆ ಚೆಲ್ಲುತ್ತಿದ್ದೆವು. 1999ರಲ್ಲಿ ಆಫ್‌ಸೆಟ್ ಯಂತ್ರ ತಂದಾಗ ಹಳೆಯ ಮೊಳೆಯನ್ನೆಲ್ಲ ಹಿತ್ತಲಲ್ಲಿ ಕಬ್ಬಿಣದ ಬಾಂಡಲಿಗೆ ಸುರಿದು, ಕಟ್ಟಿಗೆ ಒಲೆಯ ಮೇಲೆ ಕರಗಿಸಿದೆ. ಗಟ್ಟಿ ಮಾಡಿ ಗುಜರಿಗೆ ಮಾರಿದರೆ ನಾಲ್ಕು ಕಾಸು ಹೆಚ್ಚು ಸಿಗುತ್ತದೆಂದು. ನಮ್ಮ ಕೆಲಸದ ಹುಡುಗ ಸೌದೆ ನೂಕುತ್ತಾ ಹೊಗೆಯಲ್ಲೇ ಕೂತಿದ್ದ. ಮೇಲೆ ತೇಲಿದ ಬೂದುಕಿಟ್ಟವನ್ನು ಮೋರಿಗೆ ಎಸೆದೆವು. ಮೋರಿ ರಾಜಕಾಲುವೆಗೆ, ರಾಜಕಾಲುವೆ ಕೆರೆಗೆ. ನಮ್ಮ ಹಿರಿಯರು ಒಂದು ಕೆರೆ ತುಂಬಿದರೆ ಮುಂದಿನ ಕೆರೆಗೆ ಕೋಡಿ ಹರಿಯುವಂತೆ ಕಟ್ಟಿದ್ದರು. ಅದೇ ಜಾಣ್ಮೆಯ ದಾರಿಯಲ್ಲಿ ನಾವು ವಿಷ ಕಳಿಸಿದೆವು. ಬೆಳ್ಳಂದೂರು ಕೆರೆ ನೊರೆ ಉಕ್ಕಿಸಿತು, 2017ರಲ್ಲಿ ಬೆಂಕಿ ಹೊತ್ತಿಕೊಂಡಿತು. ಕಣ್ಣಿಗೆ ಕಂಡಿತು, ದೇಶವೆಲ್ಲ ಮಾತಾಡಿತು. ಸೀಸಕ್ಕೆ ನೊರೆ ಬರುವುದಿಲ್ಲ, ವಾಸನೆ ಬರುವುದಿಲ್ಲ. ಅದಕ್ಕೆ ಟಿವಿ ಕ್ಯಾಮೆರಾ ಬರುವುದಿಲ್ಲ!

ನಮ್ಮೂರ ರಕ್ತ, ನಮ್ಮೂರ ಲೇಬಲ್ಲು

ಇದೆಲ್ಲ ಹಳೆಯ ಕಥೆ, ಪೆಟ್ರೋಲು ಶುದ್ಧವಾಯಿತು, ಮೊಳೆ ಹೋಯಿತು ಎನ್ನುತ್ತೀರಾ? 1990ರ ದಶಕದ ಕೊನೆಯಲ್ಲಿ ಜಾರ್ಜ್ ಫೌಂಡೇಷನ್ ಬೆಂಗಳೂರೂ ಸೇರಿ ಏಳು ನಗರಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧದಷ್ಟು ಮಂದಿ 10ರ ಗಡಿ ದಾಟಿದ್ದರು. ಸೀಸದ ವಿಷದ ರಾಷ್ಟ್ರೀಯ ಕೇಂದ್ರ ಆಮೇಲೆ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲೇ ಬೆಳೆಯಿತು, ಡಾ. ತುಪ್ಪಿಲ್ ವೆಂಕಟೇಶ್ ಅವರ ಶ್ರಮದಿಂದ. ಸರಿ, ಪೆಟ್ರೋಲು ಬದಲಾಯಿತು. ಆದರೆ 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳು ಕೊಟ್ಟ ಅಂದಾಜು ಕೇಳಿ. ಜಗತ್ತಿನ ಮೂರು ಮಕ್ಕಳಲ್ಲಿ ಒಂದರ ರಕ್ತದಲ್ಲಿ 5 ಅಥವಾ ಅದಕ್ಕಿಂತ ಹೆಚ್ಚು ಸೀಸ. ಅದರಲ್ಲಿ ಭಾರತದ ಮಕ್ಕಳೇ ಸುಮಾರು 27 ಕೋಟಿ.

ಎಲ್ಲಿಂದ ಬರುತ್ತಿದೆ? ಮೊದಲನೆಯದು ಬ್ಯಾಟರಿ. ನಿಮ್ಮ ಮನೆಯ ಯುಪಿಎಸ್, ಸ್ಕೂಟರು, ಆಟೋ, ಎಲ್ಲದರ ಹಳೆಯ ಬ್ಯಾಟರಿಯ ಒಳಗಿರುವುದು ಸೀಸ ಮತ್ತು ಆಮ್ಲ. ಜಗತ್ತಿನ ಸೀಸದ ಬಹುಪಾಲು ಈಗ ಹೋಗುವುದು ಅದಕ್ಕೇ. ಊರಾಚೆ ಶೆಡ್ಡಿನಲ್ಲಿ ಅದನ್ನು ಒಡೆದು, ಆಮ್ಲ ನೆಲಕ್ಕೆ ಚೆಲ್ಲಿ, ನಾನು ಮಾಡಿದಂತೆಯೇ ಬಾಂಡಲಿಯಲ್ಲಿ ಕರಗಿಸುತ್ತಾರೆ. ಎರಡನೆಯದು ಬಣ್ಣ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದು ಎಂಬ ನಿಯಮ 2016ರಲ್ಲಿ ಬಂದು 2017ರ ನವೆಂಬರ್‌ನಿಂದ ಜಾರಿಯಾಗಿದೆ. ಆದರೆ ಹಳೆಯ ಗೋಡೆ, ಹಳೆಯ ಕಿಟಕಿಯ ಬಣ್ಣ ಹಾಗೇ ಇದೆ. ಮೂರ್ತಿಗೆ ಬಳಿದ ಸೀಸದ ಹಳದಿ, ಕೆಂಪು ಬಣ್ಣ ವಿಸರ್ಜನೆಯ ದಿನ ಕೆರೆಗೇ ಇಳಿಯುತ್ತದೆ. ಭಕ್ತಿಯನ್ನು ಪ್ರಶ್ನೆ ಮಾಡುತ್ತಿಲ್ಲ. ಬಣ್ಣವಿಲ್ಲದ ಮಣ್ಣಿನ ಗಣಪ ಬೇಗ ಕರಗುತ್ತಾನೆ, ಅಷ್ಟೇ.

ಆಗುವುದಿಲ್ಲ ಎಂದು ಕೈಚೆಲ್ಲಬೇಡಿ. ಬಾಂಗ್ಲಾದೇಶದಲ್ಲಿ ಅರಿಶಿನಕ್ಕೆ ಹೊಳಪು ಬರಲೆಂದು ಸೀಸದ ಕ್ರೋಮೇಟ್ ಬೆರೆಸುತ್ತಿದ್ದರು. 2019ರಲ್ಲಿ ಪರೀಕ್ಷೆ ಮಾಡಿದ ಅಂಗಡಿ ಅರಿಶಿನದ ಮಾದರಿಗಳಲ್ಲಿ ನೂರಕ್ಕೆ 47ರಷ್ಟು ಪಾಲಿನಲ್ಲಿ ಸೀಸ. ಸಂಶೋಧಕರು ಸುಮ್ಮನೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆದು ಕೂರಲಿಲ್ಲ. ಮಾರುಕಟ್ಟೆಗಳಲ್ಲಿ ಜನರ ಬಂಗಾಳಿಯಲ್ಲೇ ಎಚ್ಚರಿಕೆಯ ಕಾಗದ ಅಂಟಿಸಿದರು, ಅಧಿಕಾರಿಗಳು ದಂಡ ಹಾಕಿದರು. 2021ಕ್ಕೆ ಆ ಪಾಲು ಸೊನ್ನೆಗೆ ಬಂತು. ಎರಡೇ ವರ್ಷ!

ಇಲ್ಲಿಗೆ ನಾನು ಹೇಳಿದ ಎರಡನೆಯ ತಡೆ, ಭಾಷೆ. ನಿಮ್ಮ ಮನೆಯ ಬ್ಯಾಟರಿ ತಿರುಗಿಸಿ ನೋಡಿ. ಕಸದ ಡಬ್ಬಿಯ ಮೇಲೆ ಅಡ್ಡಗೆರೆ ಎಳೆದ ಗುರುತು, ಪಕ್ಕದಲ್ಲಿ 'ಪಿಬಿ' ಎಂದು ಎರಡೇ ರೋಮನ್ ಅಕ್ಷರ. ಸೀಸದ ಲ್ಯಾಟಿನ್ ಹೆಸರು ಪ್ಲಂಬಮ್, ಅದರ ಚಿಕ್ಕರೂಪ. ಪಿಯುಸಿ ಓದಿದ ನನಗೇ ಇದು ತಡವಾಗಿ ತಲೆಗೆ ಹೋಯಿತು. ಅದನ್ನು ಒಡೆಯುವ ಶೆಡ್ಡಿನ ಹುಡುಗನಿಗೆ, ಅವನ ಬಟ್ಟೆ ಒಗೆಯುವ ತಾಯಿಗೆ ಅದು ಏನು ಹೇಳುತ್ತದೆ? ನಾಮಫಲಕ ಕನ್ನಡದಲ್ಲಿರಲಿ ಎಂದು ನಾವು ಬೀದಿಗಿಳಿಯುತ್ತೇವೆ, ಇಳಿಯಬೇಕು. ಆದರೆ ಫಲಕದ ಕೆಳಗೆ ಇಟ್ಟ ಡಬ್ಬದಲ್ಲಿ ವಿಷವಿದೆ ಎಂಬ ಮಾತು ಕನ್ನಡದಲ್ಲಿ ಇಲ್ಲದಿದ್ದರೆ ನಮ್ಮ ಹೋರಾಟ ಬಾಗಿಲಲ್ಲೇ ನಿಂತಂತೆ. ಜೀವ ಉಳಿಸುವ ಮಾತು ಮೊದಲು ಕನ್ನಡಕ್ಕೆ ಬರಬೇಕು.

ಆದ್ದರಿಂದ ನಿಮ್ಮಿಂದ ನಾಲ್ಕೇ ಕೆಲಸ ಕೇಳುತ್ತೇನೆ. ಹಳೆಯ ಬ್ಯಾಟರಿಯನ್ನು ಹೊಸದು ಕೊಳ್ಳುವ ಅಂಗಡಿಗೇ ಕೊಟ್ಟು ರಸೀದಿ ಪಡೆಯಿರಿ. 2022ರ ನಿಯಮದ ಪ್ರಕಾರ ಅದನ್ನು ವಾಪಸು ಸೇರಿಸಿಕೊಳ್ಳುವ ಹೊಣೆ ತಯಾರಕರದು. ಗುಜರಿಯಲ್ಲಿ ಇಪ್ಪತ್ತು ರೂಪಾಯಿ ಹೆಚ್ಚು ಸಿಕ್ಕರೂ ಬೇಡ ಎನ್ನಿ. ಮನೆಯ ಹಳೆ ಬಣ್ಣವನ್ನು ಒಣಗಿದ ಹಾಗೇ ಕೆರೆಯಬೇಡಿ, ನೀರು ಚಿಮುಕಿಸಿ ಒದ್ದೆ ಮಾಡಿ, ಮಕ್ಕಳನ್ನು ದೂರವಿಟ್ಟು ತೆಗೆಸಿ. ಬ್ಯಾಟರಿ, ಬೆಸುಗೆ, ಬಣ್ಣದ ಕೆಲಸದವರ ಮನೆಯ ಮಗು ಬಿಳಿಚಿಕೊಂಡಿದ್ದರೆ, ಟಾನಿಕ್ ಬರೆಯುವ ಡಾಕ್ಟರಿಗೆ ಅಪ್ಪನ ಕಸುಬು ಏನೆಂದು ನೀವೇ ಹೇಳಿ, ಸೀಸದ ಪರೀಕ್ಷೆ ಬೇಕೇ ಎಂದು ಕೇಳಿ. ನಾಲ್ಕನೆಯದು ನಾವು ಸೇರಿ ಮಾಡುವ ಕೆಲಸ. ಇಂಗ್ಲಿಷ್ ಬಲ್ಲ ನೀವು ಎಚ್ಚರಿಕೆಯ ಹತ್ತು ಸಾಲನ್ನು ಸರಳ ಕನ್ನಡಕ್ಕೆ ತನ್ನಿ, ತಿಳಿದ ವೈದ್ಯರಿಗೆ ತೋರಿಸಿ ತಿದ್ದಿಸಿ. ಅಚ್ಚು ಹಾಕುವ ಖರ್ಚು, ಕಾಗದ, ಶಾಯಿ ಎಲ್ಲ ನನ್ನದು. ಪ್ರತಿ ಬ್ಯಾಟರಿ ಅಂಗಡಿ, ಪ್ರತಿ ಗುಜರಿ, ಪ್ರತಿ ಅಂಗನವಾಡಿಯ ಗೋಡೆಗೆ ಅಂಟಿಸೋಣ.

ಅಂದು ಸೌದೆ ನೂಕಿದ ಹುಡುಗ ಈಗ ಎರಡು ಮಕ್ಕಳ ತಂದೆ. ಹೋದ ತಿಂಗಳು ಅವನನ್ನು ಹುಡುಕಿಕೊಂಡು ಹೋಗಿ ಎಲ್ಲ ಹೇಳಿದೆ. "ಆಗ ನಿಮಗೂ ಗೊತ್ತಿರಲಿಲ್ಲವಲ್ಲ ಅಣ್ಣಾ" ಎಂದ. ಅವನ ದೊಡ್ಡ ಮಾತು ಅದು. ಆದರೆ 1786ರಲ್ಲೇ ಒಬ್ಬ ಮುದ್ರಕನಿಗೆ ಗೊತ್ತಿತ್ತು. ನನ್ನ ಕೈಗೆ ಅದು ಬರಲು ಇನ್ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಮುಂದಿನ ಹುಡುಗನಿಗೆ ಅಷ್ಟು ತಡವಾಗದಿರಲಿ.

ನಮ್ಮ ಪ್ರೆಸ್ಸಿನಲ್ಲಿ ಕರಗಿಸದೆ ಉಳಿದ ಒಂದೇ ಒಂದು ಮೊಳೆ ಇದೆ. ಮೇಷ್ಟ್ರ ಸ್ಟಿಕ್ಕಿನಲ್ಲಿ ಕೊನೆಗೆ ಸಿಕ್ಕಿಕೊಂಡಿದ್ದ 'ಕ'. ಗಾಜಿನ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೇನೆ. ಬಂದವರಿಗೆ ತೋರಿಸುತ್ತೇನೆ, ಮುಟ್ಟಲು ಮಾತ್ರ ಕೊಡುವುದಿಲ್ಲ.